ಪರದೇಶದಲ್ಲಿ ಹೆಣೆದ ಬದುಕು

ಆಡಿದ ಮಾತು ತಪ್ಪೆಂದು ತಿಳಿದ ಮೇಲೆ ಅದನ್ನು ಹಿಂತೆಗೆದುಕೊಳ್ಳುವುದಕ್ಕೆ ವಯಸ್ಸಾಗಲಿ ವಿದ್ಯೆಯಾಗಲಿ ಅಡ್ಡಿಯಾಗಬಾರದು. ಮಠದ ನೆರಳಿನಲ್ಲಿ ಓದಿ, ಅರವತ್ತು ದಾಟಿದ ನಾವು ಎರಡು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳಿಗೆ ಹೇಳಿದ ಬುದ್ಧಿಮಾತಿನಲ್ಲಿ ಬುದ್ಧಿ ಕಡಿಮೆಯಿತ್ತು. ಈ ತಿಂಗಳು ಅದನ್ನು ಸದ್ಭಕ್ತ ಓದುಗರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನಾವು ವಾಸವಾಗಿರುವ ಶೆಟ್ಟಿಹಳ್ಳಿ ಬೆಂಗಳೂರಿನ ಉತ್ತರಕ್ಕೆ, ಜಾಲಹಳ್ಳಿಯ ಸಮೀಪದಲ್ಲಿದೆ. ಹೆಸರಿನಲ್ಲಿ ಮಾತ್ರ ಹಳ್ಳಿ ಉಳಿದಿದೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ನೆಲೆಗೊಂಡ ಮೇಲೆ ಸುತ್ತಲಿನ ಊರುಗಳ ಬಾಳೇ ಬದಲಾಯಿತು. 1961ರಲ್ಲಿ ಎಚ್.ಎಂ.ಟಿ.ಯ ಕೈಗಡಿಯಾರಗಳ ತಯಾರಿಕೆ ಆರಂಭವಾಯಿತು. ಕಣ್ಣಿಗೆ ಕಾಣಲು ಕಷ್ಟವಾಗುವಷ್ಟು ಸಣ್ಣ ಬಿಡಿಭಾಗಗಳನ್ನು ಜೋಡಿಸುವ ಕೆಲಸದಲ್ಲಿ ಅನೇಕ ಹೆಣ್ಣುಮಕ್ಕಳು ಪಳಗಿದರು. ಆ ಗಡಿಯಾರದ ಸಂಸ್ಥೆಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತಾದರೂ, ಅಲ್ಲಿ ದುಡಿದ ಕೈಗಳು ನಮ್ಮ ಬೀದಿಗಳಲ್ಲಿ ಇನ್ನೂ ಇವೆ. ಅಂಥ ಒಬ್ಬ ತಾಯಿ ನಮ್ಮ ನೆರೆಮನೆಯವರು.

ಅವರ ಮಗಳು ಇಂಜಿನಿಯರಿಂಗ್ ಓದಿದವಳು. ಮದುವೆಯಾಗಿ ಗಂಡನೊಡನೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಹೋದಳು. ಅದು ಕೆರೆ ಸರೋವರಗಳ ನೀರು ಗಡ್ಡೆಕಟ್ಟುವಷ್ಟು ಚಳಿಯ ಸೀಮೆ. ಗಂಡನ ಉದ್ಯೋಗದ ವೀಸಾವನ್ನು ಅವಲಂಬಿಸಿ ಹೋದ ಹೆಂಡತಿಗೆ ಅಲ್ಲಿ ಸಂಬಳದ ಕೆಲಸ ಮಾಡಲು ಸುಲಭವಾಗಿ ಅನುಮತಿ ದೊರೆಯದು. 2015ರಿಂದ ಕೆಲವರಿಗೆ ದೊರೆಯುತ್ತಿದೆ, ಆದರೆ ಅದಕ್ಕೆ ಗಂಡನ ಕಾಯಂ ವಾಸದ ಅರ್ಜಿ ಒಂದು ಹಂತವನ್ನು ದಾಟಿರಬೇಕು. ಹೀಗಾಗಿ ಓದಿದ ಹುಡುಗಿ ಹಿಮ ಬೀಳುವ ಊರಿನಲ್ಲಿ ನಾಲ್ಕು ಗೋಡೆಗಳ ನಡುವೆ ಉಳಿದಳು. ಸಮೀಪದ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಕೂಡುತ್ತಿದ್ದ ಕೆಲವು ಹಿರಿಯ ಹೆಂಗಸರ ಜೊತೆ ಸೇರಿ ಸ್ವೆಟರು ಹೆಣೆಯುವುದನ್ನು ಕಲಿತಳು.

ಒಂದು ಸಂಜೆ ತಾಯಿ ನಮ್ಮ ಮನೆಗೆ ಬಂದು ಕಣ್ಣೀರು ತೆಗೆದರು. “ಶಾಸ್ತ್ರಿಗಳೇ, ನೀವಾದರೂ ಒಂದು ಮಾತು ಹೇಳಿ. ಸಾಲ ಮಾಡಿ ಓದಿಸಿದೆವು. ಅಷ್ಟು ದೂರ ಹೋಗಿ ಉಲ್ಲನ್ ಕಡ್ಡಿ ಹಿಡಿದು ಕೂತಿದ್ದಾಳೆ. ನಂಟರು ಕೇಳಿದರೆ ಏನು ಹೇಳಲಿ?” ಎಂದರು. ಅವರೇ ಫೋನು ಹಚ್ಚಿ ಕೊಟ್ಟರು. ನಾವು ಹಿಂದುಮುಂದು ನೋಡದೆ, “ನೋಡು ತಾಯಿ, ಅದು ಹೊತ್ತು ಕಳೆಯುವ ಆಟ. ಓದಿದ್ದನ್ನು ಮರೆಯಬೇಡ. ಮನಸ್ಸನ್ನು ದೊಡ್ಡ ಕೆಲಸಕ್ಕೆ ಕೊಡು” ಎಂದು ಉಪದೇಶಿಸಿದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಅನಂತರ “ಆಗಲಿ ತಾತ” ಎಂದಳು. ಅಲ್ಲಿಂದ ಮುಂದೆ ತಾಯಿಯೊಡನೆ ಆ ವಿಷಯವನ್ನೇ ಎತ್ತಲಿಲ್ಲ.

ಕಳೆದ ಚಳಿಗಾಲದಲ್ಲಿ ಆಕೆ ಊರಿಗೆ ಬಂದಾಗ ನಮ್ಮನ್ನು ಕಾಣಲು ಬಂದಳು. ಕೈಯಲ್ಲಿ ಒಂದು ದುಂಡು ಶಾಲು, ಒಂದು ಇಂಗ್ಲಿಷ್ ಪುಸ್ತಕ. “ತಾತ, ನೀವು ಓದುವವರು. ಇದನ್ನು ಓದಿ, ಆಮೇಲೆ ಬೈಯಿರಿ” ಎಂದು ನಗುತ್ತ ಇಟ್ಟು ಹೋದಳು. ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಕಣ್ಣೀರಿಲ್ಲದ ಹೆಣಿಗೆ’. ಬರೆದವರು ಎಲಿಜಬೆತ್ ಜಿಮ್ಮರ್‌ಮನ್. ಪ್ರಕಟವಾದದ್ದು 1971ರಲ್ಲಿ. ಹೆಣಿಗೆಯ ಗಂಧವಿಲ್ಲದ ನಾವು ಅದನ್ನು ಮೂರು ದಿನಗಳಲ್ಲಿ ಓದಿ ಮುಗಿಸಿದೆವು. ಓದಿದ ಮೇಲೆ ಬೈಯಲು ಬಾಯಿ ಬರಲಿಲ್ಲ.

ಈ ಎಲಿಜಬೆತ್ ಹುಟ್ಟಿದ್ದು 1910ರಲ್ಲಿ, ಇಂಗ್ಲೆಂಡಿನಲ್ಲಿ. ಮನೆಯ ಹೆಂಗಸರಿಂದ ಇಂಗ್ಲಿಷರ ಪದ್ಧತಿಯಂತೆ ನೂಲನ್ನು ಬಲಗೈಯಿಂದ ಸುತ್ತಿ ಹೆಣೆಯುವುದನ್ನು ಕಲಿತರು. ಬಳಿಕ ಸ್ವಿಟ್ಜರ್ಲೆಂಡಿನ ಶಿಕ್ಷಕಿಯೊಬ್ಬರಿಂದ ನೂಲನ್ನು ಎಡಗೈ ಬೆರಳಿನಲ್ಲಿ ಹಿಡಿದು ಹೆಣೆಯುವ ಯುರೋಪಿನ ಪದ್ಧತಿ ಕೈಗೆ ಬಂತು. ಚಿತ್ರಕಲೆಯನ್ನು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿಯೂ ಜರ್ಮನಿಯ ಮ್ಯೂನಿಕ್ ನಗರದಲ್ಲಿಯೂ ಅಭ್ಯಾಸ ಮಾಡಿದರು. ಅದು ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ಬಲಿಯುತ್ತಿದ್ದ ಕಾಲ. ಬಿಯರ್ ತಯಾರಿಕೆಯ ವಿದ್ಯೆ ಬಲ್ಲ ಆರ್ನಾಲ್ಡ್ ಜಿಮ್ಮರ್‌ಮನ್ ಎಂಬ ಜರ್ಮನ್ ತರುಣನನ್ನು ಮದುವೆಯಾಗಿ 1937ರಲ್ಲಿ ದಂಪತಿಗಳು ಅಮೆರಿಕಕ್ಕೆ ವಲಸೆ ಹೋದರು. ಗಂಡನ ಉದ್ಯೋಗ ಕರೆದ ಕಡೆಗೆ ಸಂಸಾರ ಸಾಗಿತು. ಮೂರು ಮಕ್ಕಳಾದವು. ಕೊನೆಗೆ ನೆಲೆ ನಿಂತದ್ದು ಇದೇ ವಿಸ್ಕಾನ್ಸಿನ್ ರಾಜ್ಯದಲ್ಲಿ, ಹಳೆಯ ಶಾಲೆಯೊಂದರ ಕಟ್ಟಡವನ್ನು ಮನೆ ಮಾಡಿಕೊಂಡು.

ಹುಟ್ಟಿದ ದೇಶ ಒಂದು, ಗಂಡನ ದೇಶ ಇನ್ನೊಂದು, ಬಾಳಿದ ದೇಶ ಮತ್ತೊಂದು. ಇಂಥ ಹೆಣ್ಣುಮಗಳಿಗೆ ಎಲ್ಲಿ ಹೋದರೂ ಜೊತೆಗೆ ಬಂದ ಆಸ್ತಿ ಎಂದರೆ ಎರಡು ಕಡ್ಡಿ, ಒಂದು ಉಂಡೆ ನೂಲು. ಇವರ ಹೆಚ್ಚುಗಾರಿಕೆ ಏನೆಂದು ತಿಳಿಯಬೇಕಾದರೆ ಹೆಣಿಗೆಯ ಸ್ವರೂಪವನ್ನು ಸ್ವಲ್ಪ ಅರಿಯಬೇಕು.

ಮಗ್ಗದ ನೇಯ್ಗೆಯಲ್ಲಿ ಹಾಸು ಹೊಕ್ಕು ಎಂಬ ಎರಡು ಬಗೆಯ ಎಳೆಗಳಿರುತ್ತವೆ. ಹೆಣಿಗೆಯಲ್ಲಿರುವುದು ಸಾಮಾನ್ಯವಾಗಿ ಒಂದೇ ಎಳೆ. ಕುಣಿಕೆಯೊಳಗಿನಿಂದ ಕುಣಿಕೆಯನ್ನು ಎಳೆಯುತ್ತ ಹೋದರೆ ಅದೇ ಬಟ್ಟೆಯಾಗುತ್ತದೆ. ಒಂದು ಕುಣಿಕೆ ಜಾರಿದರೆ ಕೆಳಗಿನವು ಸಾಲಾಗಿ ಬಿಚ್ಚುತ್ತವೆ. ವಿನ್ಯಾಸಕಾರರೆನ್ನಿಸಿಕೊಂಡವರು ಎಷ್ಟು ಕುಣಿಕೆಗಳಿಂದ ಆರಂಭಿಸಬೇಕು, ಎಲ್ಲಿ ಹೆಚ್ಚಿಸಬೇಕು, ಎಲ್ಲಿ ಕಡಿಮೆ ಮಾಡಬೇಕು ಎಂಬುದನ್ನು ಲೆಕ್ಕ ಹಾಕಿ, ಬೇರೆಯವರೂ ಹೆಣೆಯುವಂತೆ ಬರೆದು ಕೊಡುತ್ತಾರೆ.

ಆ ಕಾಲದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕಗಳ ಮುದ್ರಿತ ಸೂಚನೆಗಳು ಬಹುಮಟ್ಟಿಗೆ ಒಂದೇ ರೀತಿಯವು. ಸ್ವೆಟರಿನ ಮುಂಭಾಗ, ಹಿಂಭಾಗ, ಎರಡು ತೋಳುಗಳನ್ನು ಚಪ್ಪಟೆ ತುಂಡುಗಳಾಗಿ ಹೆಣೆದು ಕೊನೆಗೆ ಹೊಲಿದು ಕೂಡಿಸುವುದು. ಎಲಿಜಬೆತ್ ಯುರೋಪಿನ ಬೆಸ್ತರು ತೊಡುತ್ತಿದ್ದ ಹಳೆಯ ಅಂಗಿಗಳ ಕ್ರಮವನ್ನು ಎತ್ತಿ ಹಿಡಿದರು. ಎರಡು ತುದಿಗಳ ನಡುವೆ ಬಳುಕುವ ದಾರವಿರುವ ಕಡ್ಡಿಯಲ್ಲಿ ದೇಹದ ಭಾಗವನ್ನು ಕೊಳವೆಯಂತೆ ಸುತ್ತಿ ಸುತ್ತಿ ಹೆಣೆದರೆ ಹೊಲಿಗೆಯ ಕಾಟ ಬಹುಪಾಲು ತಪ್ಪುತ್ತದೆ. ಮುಂದೆ ತೆರೆದಿರಬೇಕಾದ ಸ್ವೆಟರಾದರೆ, ಕೊಳವೆಯಾಗಿಯೇ ಹೆಣೆದು, ನಡುವೆ ಯಂತ್ರದಿಂದ ಹೊಲಿಗೆ ಹಾಕಿ, ಕತ್ತರಿಯಿಂದ ಸೀಳಬಹುದು. ತಿಂಗಳುಗಟ್ಟಲೆ ಹೆಣೆದದ್ದಕ್ಕೆ ಕತ್ತರಿ ಹಾಕುವುದೆಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಕತ್ತರಿಸಿದ ಮೇಲೆ ಕತ್ತಲೆಯ ಕೋಣೆಯಲ್ಲಿ ಸ್ವಲ್ಪ ಹೊತ್ತು ಮಲಗಿ ಸುಧಾರಿಸಿಕೊಳ್ಳಿ ಎಂದು ಈ ತಾಯಿ ಪುಸ್ತಕದಲ್ಲಿ ವಿನೋದವಾಗಿ ಹೇಳುತ್ತಾರೆ.

ಮೊದಮೊದಲು ಇವರು ಸುತ್ತು ಹೆಣಿಗೆಯಲ್ಲಿ ರಚಿಸಿ ಕೊಟ್ಟ ವಿನ್ಯಾಸವನ್ನು ಪ್ರಕಟಿಸಿದವರು ಚಪ್ಪಟೆ ಹೆಣಿಗೆಯ ಸೂಚನೆಗಳಾಗಿ ಬದಲಿಸಿ ಅಚ್ಚು ಹಾಕಿದರು. ಓದುಗರಿಗೆ ರೂಢಿಯಾದದ್ದೇ ಇರಲಿ ಎಂಬುದು ಅವರ ಎಣಿಕೆ. ತನ್ನ ಮಾತನ್ನು ತಾನೇ ಹೇಳಬೇಕೆಂದು ನಿರ್ಧರಿಸಿ, ಎಲಿಜಬೆತ್ 1958ರಲ್ಲಿ ಸ್ವಂತ ಸುದ್ದಿಪತ್ರವೊಂದನ್ನು ಆರಂಭಿಸಿದರು. ಮರುವರ್ಷ ‘ಸ್ಕೂಲ್‌ಹೌಸ್ ಪ್ರೆಸ್’ ಎಂಬ ಸಂಸ್ಥೆ ಹುಟ್ಟಿತು. ಉಣ್ಣೆಯ ನೂಲು, ಸುತ್ತು ಹೆಣಿಗೆಯ ಕಡ್ಡಿ, ಪುಸ್ತಕಗಳನ್ನು ಅಂಚೆಯ ಮೂಲಕ ಮನೆಮನೆಗೆ ಮುಟ್ಟಿಸಿದರು. 1960ರ ದಶಕದಲ್ಲಿ ವಿಸ್ಕಾನ್ಸಿನ್ನಿನ ಸಾರ್ವಜನಿಕ ದೂರದರ್ಶನದಲ್ಲಿ ಪಾಠ ಹೇಳಿದರು. 1974ರಿಂದ ಬೇಸಗೆಯ ಶಿಬಿರಗಳು ನಡೆದವು. ಅಡುಗೆಮನೆಯಿಂದ ಆರಂಭವಾದ ಕೆಲಸವನ್ನು ಅವರ ಮಗಳು ಮೆಗ್ ಸ್ವಾನ್ಸೆನ್ ಮುಂದುವರಿಸಿದರು.

ಇವರ ವಿದ್ಯೆಯಲ್ಲಿ ನಮ್ಮ ಮನಸ್ಸನ್ನು ಸೆಳೆದ ಮೊದಲ ಸಂಗತಿ ಗಣಿತ. ಒಂದು ಉದಾಹರಣೆ ಹೇಳುತ್ತೇವೆ. ಮೊದಲು ಒಂದು ಸಣ್ಣ ಚೌಕವನ್ನು ಹೆಣೆದು, ತನ್ನ ಕೈಯಲ್ಲಿ ಒಂದು ಇಂಚಿಗೆ ಎಷ್ಟು ಕುಣಿಕೆಗಳು ಬರುತ್ತವೆಂದು ಅಳೆಯಬೇಕು. ಐದು ಬಂದವು ಎನ್ನೋಣ. ಸ್ವೆಟರಿನ ಸುತ್ತಳತೆ 40 ಇಂಚು ಬೇಕಾದರೆ ಒಟ್ಟು 200 ಕುಣಿಕೆ. ಇದೇ ಮೂಲಸಂಖ್ಯೆ. ಮಣಿಕಟ್ಟಿಗೆ ಅದರ ನೂರಕ್ಕೆ 20 ಭಾಗ, ಅಂದರೆ 40. ತೋಳಿನ ಮೇಲ್ಭಾಗಕ್ಕೆ ಸುಮಾರು ಮೂರನೆಯ ಒಂದು ಪಾಲು, ಅಂದರೆ 66. ಕಂಕುಳಿಗೆ ನೂರಕ್ಕೆ 8ರಂತೆ 16. ಕೊರಳಿಗೆ ನೂರಕ್ಕೆ 40ರಂತೆ 80. ಕೂಸಿಗಾಗಲಿ ಪೈಲ್ವಾನನಿಗಾಗಲಿ ಇದೇ ಅನುಪಾತದಿಂದ ಹೊರಡಬಹುದು. ಅಳತೆ ತಪ್ಪಿದರೆ ಫಲ ಏನು? ಇಂಚಿಗೆ ಐದರ ಬದಲು ನಾಲ್ಕೂವರೆ ಕುಣಿಕೆ ಬಿದ್ದರೆ ಅದೇ 200 ಕುಣಿಕೆಗಳ ಸುತ್ತಳತೆ 44 ಇಂಚನ್ನು ಮೀರುತ್ತದೆ. ಅರ್ಧ ಕುಣಿಕೆಯ ಅಲಕ್ಷ್ಯಕ್ಕೆ ನಾಲ್ಕು ಇಂಚಿನ ದಂಡ!

ಇನ್ನು ಆ ದುಂಡು ಶಾಲು. ಅದರ ಕ್ರಮ 1974ರಲ್ಲಿ ಹೊರಬಂದ ಅವರ ಎರಡನೆಯ ಪುಸ್ತಕದಲ್ಲಿದೆ. ನಡುವೆ 9 ಕುಣಿಕೆಗಳಿಂದ ಆರಂಭ. ಅವು 18, 36, 72, 144, 288, 576 ಹೀಗೆ ಇಮ್ಮಡಿಯಾಗುತ್ತ ಹೋಗುತ್ತವೆ. ಇಮ್ಮಡಿಯ ನಡುವಿನ ಸುತ್ತುಗಳೂ 3, 6, 12, 24, 48 ಎಂದು ಇಮ್ಮಡಿಯಾಗುತ್ತವೆ. ವೃತ್ತದ ತ್ರಿಜ್ಯ ಇಮ್ಮಡಿಯಾದರೆ ಪರಿಧಿಯೂ ಇಮ್ಮಡಿಯಾಗುತ್ತದೆಂಬ ಸತ್ಯವನ್ನು ಎಲಿಜಬೆತ್ ನೂಲಿನಲ್ಲಿ ಹಿಡಿದರು. ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತಕ್ಕೆ ಗಣಿತಜ್ಞರು ಇಟ್ಟ ‘ಪೈ’ ಎಂಬ ಹೆಸರನ್ನೇ ಶಾಲಿಗೂ ಇಟ್ಟರು. ನಮ್ಮ ಆರ್ಯಭಟನು 62,832ನ್ನು 20,000ದಿಂದ ಭಾಗಿಸಿ ಹೇಳಿದ ಅನುಪಾತವೂ ಇದೇ. ಬಾಲ್ಯದಲ್ಲಿ ಶ್ಲೋಕವಾಗಿ ಕಂಠಪಾಠ ಮಾಡಿದ್ದ ಆ ಸಂಖ್ಯೆ ನಮ್ಮ ಹೆಗಲ ಮೇಲೆ ಬೆಚ್ಚಗೆ ಕುಳಿತದ್ದು ಈ ವಯಸ್ಸಿನಲ್ಲಿ.

ಹಾಗೆಯೇ 1968ರಲ್ಲಿ ರಚಿಸಿದ ಎಳೆಗೂಸಿನ ಅಂಗಿಯೊಂದಿದೆ. ಹೆಣೆಯುವಾಗ ಅದು ಸೊಟ್ಟಗಿನ ಒಂದು ತುಂಡು. ನೋಡಿದವರು ಕೆಟ್ಟುಹೋಯಿತೆಂದೇ ಭಾವಿಸುತ್ತಾರೆ. ಮುಗಿದ ಮೇಲೆ ಕ್ರಮವರಿತು ಮಡಿಸಿದರೆ ತೋಳು, ಬೆನ್ನು, ಎದೆ ಎಲ್ಲವೂ ಮೂಡಿ ಬರುತ್ತವೆ. ಭುಜದ ಎರಡು ಹೊಲಿಗೆ ಹಾಕಿದರೆ ಸಾಕು. ನಡುವಿನ ಸ್ಥಿತಿಯನ್ನು ನೋಡಿ ತೀರ್ಪು ಕೊಡಬಾರದೆಂಬ ಪಾಠ ನಮ್ಮಂಥ ಉಪದೇಶಕರಿಗೆ ಅದರಲ್ಲಿ ದೊರೆಯಿತು.

ಎರಡನೆಯ ಸಂಗತಿ ಅವರ ವಿನಯ. ಹೊಸ ಯುಕ್ತಿಯೊಂದು ಹೊಳೆದಾಗ ಅದನ್ನು ‘ಕಂಡುಹಿಡಿದೆ’ ಎನ್ನಲು ಅವರು ಒಪ್ಪುತ್ತಿರಲಿಲ್ಲ. ಶತಮಾನಗಳಿಂದ ಲೆಕ್ಕವಿಲ್ಲದಷ್ಟು ಕೈಗಳು ಹೆಣೆದಿರುವಾಗ, ಯಾರೋ ಎಂದೋ ಅದನ್ನು ಮಾಡಿಯೇ ಇರುತ್ತಾರೆ, ತಾನು ಮರೆತದ್ದನ್ನು ಅಗೆದು ತೆಗೆದವಳು ಮಾತ್ರ ಎಂಬುದು ಅವರ ಭಾವ. ಅದಕ್ಕಾಗಿ ‘ಅನ್‌ವೆಂಟ್’ ಎಂಬ ಹೊಸ ಶಬ್ದವನ್ನೇ ಇಂಗ್ಲಿಷಿನಲ್ಲಿ ಬಳಕೆಗೆ ತಂದರು. ತನ್ನ ಸೂಚನೆಗಳನ್ನು ಕುರುಡಾಗಿ ಅನುಸರಿಸುವ ಶಿಷ್ಯರು ಅವರಿಗೆ ಬೇಕಿರಲಿಲ್ಲ. ನಿನ್ನ ಹೆಣಿಗೆಗೆ ನೀನೇ ಯಜಮಾನಿ, ಅಳತೆ ತೆಗೆ, ಯೋಚಿಸು, ಬೇಕಾದರೆ ಬದಲಿಸು ಎಂಬುದೇ ಅವರ ಬೋಧನೆಯ ಸಾರ. ಗುಟ್ಟನ್ನು ಕಟ್ಟಿಟ್ಟುಕೊಂಡು ಬದುಕಬಹುದಾಗಿದ್ದ ಅವರು ಲೆಕ್ಕದ ಸೂತ್ರವನ್ನೇ ಹಂಚಿಬಿಟ್ಟರು. 1999ರ ನವೆಂಬರ್ 30ರಂದು, 89ನೆಯ ವಯಸ್ಸಿನಲ್ಲಿ, ವಿಸ್ಕಾನ್ಸಿನ್ನಿನಲ್ಲಿಯೇ ಅವರು ತೀರಿಕೊಂಡರು.

ಇಂಥ ಕೈಗೆಲಸವನ್ನು ಹಗುರವಾಗಿ ಕಂಡ ನಾವು ಯಾವ ಪರಂಪರೆಯವರು? ನೇಯ್ಗೆಯ ಜೇಡರ ದಾಸಿಮಯ್ಯನನ್ನು ಆದ್ಯನೆಂದು ಗೌರವಿಸುವವರು. ನೂಲುವ ಕಾಯಕದಿಂದಲೇ ಹೆಸರು ಪಡೆದ ಕದಿರ ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಒಂದೊಂದು ಅಂಗದಲ್ಲಿಯೂ ತತ್ತ್ವವನ್ನು ಕಂಡವಳು. ಅವಳ ವಚನವನ್ನು ನಾವು ಎಷ್ಟೋ ಸಭೆಗಳಲ್ಲಿ ವ್ಯಾಖ್ಯಾನಿಸಿದ್ದೇವೆ. ನಮ್ಮ ಉತ್ತರ ಕರ್ನಾಟಕದ ತಾಯಂದಿರು ಇಳಕಲ್ಲಿನ ಸೀರೆಯ ಮೇಲೆ ಗಂಟು ಕಾಣದಂತೆ, ಎಳೆಗಳನ್ನು ಎಣಿಸಿಯೇ ಕಸೂತಿ ಹಾಕುತ್ತ ಬಂದವರು. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ಅದರ ಹೊಲಿಗೆಗಳ ಹೆಸರು ನಮಗೆ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ, ಇಂಜಿನಿಯರಿಂಗ್ ಓದಿದ ಹುಡುಗಿ ಕಡ್ಡಿ ಹಿಡಿದಳೆಂದ ಕೂಡಲೇ ‘ಆಟ’ ಎಂದೆವು. ಕಾಯಕವನ್ನು ವೇದಿಕೆಯ ಮೇಲೆ ಹೊಗಳುವುದು ಸುಲಭ. ನೆರೆಮನೆಯ ಮಗಳ ಕೈಯಲ್ಲಿ ಅದನ್ನು ಗುರುತಿಸುವುದು ನಮ್ಮಿಂದ ಆಗಲಿಲ್ಲ.

ಆ ಮಗಳು ಈಗ ಸ್ವತಃ ವಿನ್ಯಾಸ ಮಾಡುತ್ತಾಳೆ. ತೇರು, ಗೋಪುರ, ನವಿಲು, ಆನೆಗಳ ಕಸೂತಿಯ ಮಾದರಿಗಳನ್ನು ಚೌಕುಳಿಯ ಹಾಳೆಯ ಮೇಲೆ ಇಳಿಸಿ, ಎರಡು ಬಣ್ಣದ ನೂಲಿನಲ್ಲಿ ಟೋಪಿ, ಕೈಗವಸುಗಳಿಗೆ ಹೊಂದಿಸಿದ್ದಾಳೆ. ಒಂದು ಬಣ್ಣ ಎಡಗೈಯಲ್ಲಿ, ಒಂದು ಬಲಗೈಯಲ್ಲಿ. ಎಲಿಜಬೆತ್ ಬಾಲ್ಯದಲ್ಲಿ ಕಲಿತ ಎರಡು ದೇಶಗಳ ಎರಡು ಪದ್ಧತಿಗಳು ಇಲ್ಲಿ ಒಟ್ಟಿಗೆ ಕೆಲಸಕ್ಕೆ ಬರುತ್ತವೆ. ಹೆಣಿಗೆಯ ಕುಣಿಕೆ ಪೂರ್ತಿ ಚೌಕವಲ್ಲ, ಅಗಲಕ್ಕಿಂತ ಎತ್ತರ ಕಡಿಮೆ. ಹಾಗಾಗಿ ಹಾಳೆಯ ಮೇಲಿನ ಗೋಪುರವನ್ನು ಹಾಗೆಯೇ ಹೆಣೆದರೆ ಕುಳ್ಳಗಾಗುತ್ತದೆ. ಅದನ್ನು ಸರಿಪಡಿಸಲು ತಿಂಗಳು ಹಿಡಿಯಿತಂತೆ. ಗ್ರಂಥಾಲಯದ ಆ ಹಿರಿಯ ಹೆಂಗಸರು ಅವಳಿಂದ ತೇರನ್ನು ಹೆಣೆಯಲು ಕಲಿತಿದ್ದಾರೆ. ಇದರಿಂದ ಈವರೆಗೆ ಒಂದು ಕಾಸೂ ಬಂದಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಉದ್ಯೋಗದ ಅನುಮತಿಯೂ ಇನ್ನೂ ಬಂದಿಲ್ಲ. ತಾಯಿಯ ಚಿಂತೆ ಪೂರ್ತಿ ಸುಳ್ಳಲ್ಲ. ಓದಿಗೆ ತಕ್ಕ ದುಡಿಮೆ ದೊರೆಯಲೆಂದು ನಾವೂ ಹಾರೈಸುತ್ತೇವೆ. ಆದರೆ ಆ ಚಳಿಯಲ್ಲಿ, ಆ ಒಂಟಿತನದಲ್ಲಿ ಮಗಳ ಮನಸ್ಸನ್ನು ಕುಗ್ಗದಂತೆ ಕಾಪಾಡಿದ್ದು ಯಾವುದು ಎಂಬ ಪ್ರಶ್ನೆಯನ್ನು ನಾವಾರೂ ಮೊದಲು ಕೇಳಿರಲಿಲ್ಲ.

ಹೊರದೇಶದಲ್ಲಿ ಮಕ್ಕಳಿರುವ ತಂದೆತಾಯಿಗಳು ನಮ್ಮ ಸಮಾಜದಲ್ಲಿ ಅನೇಕರಿದ್ದಾರೆ. ಅವರಲ್ಲಿ ಒಂದು ವಿನಂತಿ. ಫೋನಿನಲ್ಲಿ ‘ಕೆಲಸ ಸಿಕ್ಕಿತೇ, ಸಂಬಳವೆಷ್ಟು’ ಎಂದು ಕೇಳುವುದರ ಜೊತೆಗೆ, ‘ಈ ವಾರ ಏನು ಮಾಡಿದೆ, ತೋರಿಸು’ ಎಂದೂ ಕೇಳಿರಿ.

ಕಳೆದ ತಿಂಗಳು ನಾವೇ ನೆರೆಮನೆಗೆ ಹೋಗಿ, ತಾಯಿಯ ಎದುರಿನಲ್ಲಿಯೇ ಆಕೆಗೆ ಫೋನು ಮಾಡಿಸಿದೆವು. “ಅಂದು ನಾವು ಆಡಿದ ಮಾತು ತಪ್ಪು ತಾಯಿ. ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ” ಎಂದೆವು. ಈ ಸಲವೂ ಆ ಕಡೆ ಸ್ವಲ್ಪ ಹೊತ್ತು ಮೌನ. ಬಳಿಕ, “ತಾತ, ನಿಮ್ಮ ಎದೆಯ ಸುತ್ತಳತೆ ಎಷ್ಟು?” ಎಂದಳು. ತಾಯಿ ಒಳಗಿನಿಂದ ಟೇಪು ತಂದರು. ಅಳೆದರೆ 38 ಇಂಚು. ಸಡಿಲಕ್ಕೆ ಎರಡು ಸೇರಿಸಿ 40 ಎಂದಳು ಮಗಳು.

“ಇಂಚಿಗೆ ಎಷ್ಟು ಕುಣಿಕೆ ಬರುತ್ತದೆ ನಿನಗೆ?” ಎಂದು ಕೇಳಿದರು ತಾಯಿ. ಗಡಿಯಾರದ ಬಿಡಿಭಾಗಗಳನ್ನು ಜೋಡಿಸಿದ ಆ ಕೈಯಲ್ಲಿ ಆಗಲೇ ಒಂದು ಪೆನ್ಸಿಲು ಇತ್ತು.

“ಐದಮ್ಮ.”

“ಹಾಗಾದರೆ ಇನ್ನೂರು” ಎಂದು ತಾಯಿ ಬರೆದುಕೊಂಡರು.